ಕೆರೆ, ಮೈದಾನ, ಸ್ಟೇಡಿಯಂ

ಮಳೆ ಕೈಕೊಟ್ಟ ವರ್ಷ ಸವಣೂರಿನ ಮೋತಿ ತಲಾಬ್ ಬತ್ತಿದರೆ ಊರಿನ ಹಿರಿಯರ ಮುಖ ಬಾಡುತ್ತಿತ್ತು, ನಮ್ಮಂತಹ ಹುಡುಗರ ಮುಖ ಅರಳುತ್ತಿತ್ತು. ಕೆರೆಯ ಅಂಗಳಕ್ಕಿಂತ ಒಳ್ಳೆಯ ಕ್ರಿಕೆಟ್ ಮೈದಾನ ನಮಗೆ ಎಲ್ಲಿ ಸಿಗಬೇಕು? ಹೂಳು ಒಣಗಿ ಬಿರುಕು ಬಿಟ್ಟ ನೆಲವನ್ನು ಕಟ್ಟಿಗೆಯಿಂದ ಬಡಿದು ಸಮ ಮಾಡಿ ಪಿಚ್ ಮಾಡಿಕೊಳ್ಳುತ್ತಿದ್ದೆವು. ಎಲೆಬಳ್ಳಿ ತೋಟ ಮಾಡುತ್ತಿದ್ದ ನಮ್ಮ ಓಣಿಯ ಚಾಚಾ ಒಬ್ಬರು ದಂಡೆಯ ಮೇಲೆ ಕುಳಿತು ನೋಡುತ್ತಿದ್ದರು. ಒಂದು ದಿನ ಯಾರೋ ಒಬ್ಬ ಹುಡುಗ ಪಿಚ್ಚಿಗೆ ಸಿಮೆಂಟ್ ಹಾಕೋಣ ಎಂದ. ಚಾಚಾ ಕುಳಿತಲ್ಲಿಂದಲೇ ಕೂಗಿದರು: ‘ಆಡ್ರಲೇ, ಎಷ್ಟು ಬೇಕಾದ್ರೂ ಆಡ್ರಿ. ಸಿಮಿಟ್ ಮಾತ್ರ ಹಾಕಬ್ಯಾಡ್ರಿ. ಇದು ನೀರಿನ ಮನಿ. ಮನಿ ಮಾಲಕ ಪರಊರಿಗೆ ಹೋಗ್ಯಾನ, ತಿರುಗಿ ಬರ್ತಾನ.’

ಆ ಮಾತು ಅಂದು ನಮಗೆ ನಗೆಯ ಮಾತಾಗಿತ್ತು. ಅದರ ಅರ್ಥ ನನಗೆ ಆದದ್ದು ಎಷ್ಟೋ ವರ್ಷಗಳ ನಂತರ, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದ ಬಳಿ.

ಅಕ್ಕನ ಮಗಳು ಓಟಗಾರ್ತಿ. ನಾನೂರು ಮೀಟರ್ ಓಡುತ್ತಾಳೆ. ಒಂದು ಆಯ್ಕೆ ಸ್ಪರ್ಧೆಗೆ ಅವಳನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಿದ್ದೆ. ಅವಳು ಮೈ ಬಿಸಿ ಮಾಡಿಕೊಳ್ಳುವವರೆಗೆ ಹೊರಗೆ ಒಂದು ಸುತ್ತು ಹಾಕಿ ಬರೋಣವೆಂದು ಹೊರಟೆ. ಸ್ಟೇಡಿಯಮ್ಮಿನ ಮಗ್ಗುಲಲ್ಲಿ ಬೇಲಿಯೊಳಗೆ ಒಂದು ಪುಟ್ಟ ನೀರಿನ ಹೊಂಡ ಕಂಡಿತು. ಅಲ್ಲಿ ನಿಂತಿದ್ದ ವಯಸ್ಸಾದವರೊಬ್ಬರನ್ನು ‘ಯಜಮಾನ್ರೆ, ಇದೇನಿದು?’ ಎಂದು ಕೇಳಿದೆ. ‘ಸಂಪಂಗಿ ಕೆರೆ ಸ್ವಾಮಿ’ ಎಂದರು. ‘ಇಷ್ಟೇನಾ ಕೆರೆ?’ ಎಂದೆ. ಅವರು ಸ್ಟೇಡಿಯಮ್ಮಿನ ಕಡೆ ಕೈ ತೋರಿಸಿ, ‘ಅದೂ ಕೆರೇನೇ. ನಿಮ್ಮ ಮಕ್ಕಳು ಓಡ್ತಾ ಇರೋದು ಕೆರೆ ಒಳಗೇ’ ಎಂದರು.

ಬೆಂಗಳೂರು ನದಿಯ ದಂಡೆಯ ಮೇಲೆ ಹುಟ್ಟಿದ ಊರಲ್ಲ. 1537ರಲ್ಲಿ ಕೆಂಪೇಗೌಡರು ಕೋಟೆ ಪೇಟೆ ಕಟ್ಟಿದಂದಿನಿಂದ ಅದನ್ನು ಸಾಕಿದ್ದು ಕೆರೆಗಳು. ಎತ್ತರದ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೆ ಒಂದರ ಕೈಯನ್ನು ಇನ್ನೊಂದು ಹಿಡಿದ ಕೆರೆಗಳ ಸಾಲಿನಲ್ಲಿ ಸಂಪಂಗಿಯೂ ಒಂದು. 1809ರಲ್ಲಿ ಇಂಗ್ಲಿಷರು ದಂಡು ಪ್ರದೇಶ ಕಟ್ಟಿದಾಗ ಈ ಕೆರೆ ಪೇಟೆಗೂ ದಂಡಿಗೂ ನಡುವೆ ಬಿತ್ತು. ಆ ಕಡೆ ಕನ್ನಡ, ತೆಲುಗು ಮಾತಾಡುವ ಪೇಟೆ. ಈ ಕಡೆ ತಮಿಳು, ಉರ್ದು, ಇಂಗ್ಲಿಷ್ ಮಾತಾಡುವ ದಂಡು. ನೀರು ಮಾತ್ರ ಇಬ್ಬರಿಗೂ ಬೇಕು.

ಕೆರೆಯ ಸುತ್ತ ಬದುಕು ಕಟ್ಟಿಕೊಂಡವರಲ್ಲಿ ಮುಖ್ಯರು ತಿಗಳರು. ಸೊಪ್ಪು, ತರಕಾರಿ, ಹೂವು ಬೆಳೆದು ಊರಿಗೆ ಉಣಿಸಿದ ಸಮುದಾಯ ಅದು. ಅವರಿಗೆ ಕೆರೆಯಲ್ಲಿ ನೀರು ನಿಲ್ಲಬೇಕು. ಇಟ್ಟಿಗೆ ಸುಡುವವರಿಗೆ ಕೆರೆಯ ಮಣ್ಣು ಬೇಕು. ದನಕರುಗಳಿಗೆ ಅಂಚಿನ ಹುಲ್ಲು ಬೇಕು. ಇವರ ನಡುವೆ ಇನ್ನೊಬ್ಬರು ಬಂದರು: ಕುದುರೆ ಏರಿ ಪೋಲೋ ಆಡುವ ದಂಡಿನ ಸಾಹೇಬರು. ಅವರಿಗೆ ಕೆರೆ ಬತ್ತಿರಬೇಕು! ಕೆರೆಯ ಅಂಗಳ ಒಣಗಿದ್ದರೆ ತಾನೆ ಕುದುರೆ ಓಡುವುದು? ನೀರು ಇರಬೇಕೆನ್ನುವ ತೋಟಗಾರರ ಮೊರೆಗೂ ನೀರು ಬೇಡವೆನ್ನುವ ಆಟಗಾರರ ಬೇಡಿಕೆಗೂ ನಡುವೆ ಹತ್ತೊಂಬತ್ತನೆಯ ಶತಮಾನದಲ್ಲಿ ನಡೆದ ಜಗ್ಗಾಟವನ್ನು ಹಳೆಯ ದಾಖಲೆಗಳಿಂದ ಬೆಂಗಳೂರಿನ ಸಂಶೋಧಕರು ಈಚೆಗೆ ಹೊರತೆಗೆದಿದ್ದಾರೆ. ಕ್ರೀಡೆ ಎಂದರೆ ಎಲ್ಲರನ್ನೂ ಕೂಡಿಸುವಂಥದ್ದು ಎಂದು ನಾವು ಶಾಲೆಯಲ್ಲಿ ಪ್ರಬಂಧ ಬರೆಯುತ್ತೇವೆ. ಸಂಪಂಗಿಯಲ್ಲಿ ಆಟ ಕಾಲಿಟ್ಟದ್ದು ಜಗಳದೊಂದಿಗೆ.

ಕೆರೆಯನ್ನು ಕೊಂದದ್ದು ಪೋಲೋ ಒಂದೇ ಅಲ್ಲ, ನಲ್ಲಿ ಕೂಡ. 1896ರಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. ಮನೆಯ ಬಾಗಿಲಿಗೆ ನಲ್ಲಿ ಬಂದ ದಿನ ಜನರಿಗೆ ಕೆರೆಯ ನೆನಪು ಹೋಯಿತು. ನೆನಪು ಹೋದ ಕೆರೆ ಸೊಳ್ಳೆಯ ತಾಣವೆನಿಸಿತು, ರೋಗದ ಮೂಲವೆನಿಸಿತು, ಕೊನೆಗೆ ‘ಖಾಲಿ ಜಾಗ’ ಎನಿಸಿತು. 1930ರ ದಶಕ ಮುಗಿಯುವ ಹೊತ್ತಿಗೆ ಸಂಪಂಗಿ ಬತ್ತಿಸಲ್ಪಟ್ಟಿತ್ತು. 1940ರ ದಶಕದಲ್ಲಿ ಅಲ್ಲಿ ಕ್ರೀಡಾಂಗಣ ಎದ್ದಿತು. ಮೈಸೂರು ಅರಸು ಮನೆತನದ ‘ಕಂಠೀರವ’ ಎಂಬ ಹೆಸರು ಅದಕ್ಕೆ ಬಂತು.

ಇದು ಒಂದು ಕೆರೆಯ ಕತೆಯಲ್ಲ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಹಾವೇರಿಯಿಂದ ಕೆಂಪು ಬಸ್ಸು ಹತ್ತಿ ಹೋದ ನಾವೆಲ್ಲ ಬೆಂಗಳೂರಿನಲ್ಲಿ ಮೊದಲು ಕಾಲಿಡುವ ಮೆಜೆಸ್ಟಿಕ್ ಅದೇ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣವಾಯಿತು. ಕೆರೆ ನಿಲ್ಲಲೆಂದು ಮನೆಯ ಸೊಸೆಯನ್ನೇ ಬಲಿ ಕೊಟ್ಟ ಭಾಗೀರಥಿಯ ಕತೆಯನ್ನು ‘ಕೆರೆಗೆ ಹಾರ’ ಎಂದು ಕಣ್ಣೀರಿಡುತ್ತ ಹಾಡುವ ನಾಡು ನಮ್ಮದು. ಅದೇ ನಾಡು ಒಂದು ನಗರದ ಕೆರೆಗಳನ್ನು ಬಸ್ಸಿಗೆ, ಚೆಂಡಿಗೆ ಬಲಿ ಕೊಟ್ಟದ್ದಕ್ಕೆ ಯಾರೂ ಹಾಡು ಕಟ್ಟಿದ್ದು ನಾನು ಕೇಳಿಲ್ಲ.

ಆದರೂ ಕ್ರೀಡಾಂಗಣವನ್ನು ದೂಷಿಸಿ ಸುಮ್ಮನಾಗುವುದು ನ್ಯಾಯವಲ್ಲ. ಆಟದ ಬಯಲು ಬಡವರ ಮಕ್ಕಳಿಗೆ ಏನು ಕೊಡಬಲ್ಲದು ಎಂಬುದಕ್ಕೂ ಬೆಂಗಳೂರೇ ಸಾಕ್ಷಿ. 1891ರಲ್ಲಿ ಮುಂಬಯಿಯಲ್ಲಿ ಶುರುವಾದ ರೋವರ್ಸ್ ಕಪ್ ಫುಟ್ಬಾಲನ್ನು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಇಂಗ್ಲಿಷ್ ಪಲ್ಟನ್ನುಗಳೇ ಗೆದ್ದುಕೊಂಡವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡದ ಹೆಸರು ‘ಬೆಂಗಳೂರು ಮುಸ್ಲಿಮ್ಸ್’. ಮರುವರ್ಷವೂ ಅವರೇ ಗೆದ್ದರು; 1948ರಲ್ಲಿ ಮೋಹನ್ ಬಾಗಾನನ್ನು ಸೋಲಿಸಿ ಮತ್ತೊಮ್ಮೆ ಗೆದ್ದರು. ಅದೇ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಬಹುಪಾಲು ಆಟಗಾರರು ಬರಿಗಾಲಲ್ಲಿ ಫ್ರಾನ್ಸ್ ವಿರುದ್ಧ ಆಡಿ 2-1ರಿಂದ ಸೋತರಲ್ಲ, ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು, ಭಾರತದ ಆ ಒಂದು ಗೋಲು ಹೊಡೆದ ಬೆಂಗಳೂರಿನವರೇ ಆದ ರಾಮನ್ ಇದ್ದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಹತ್ತು ಗೋಲು ಹೊಡೆದಾಗ ಭಾರತದ ಒಂದೇ ಗೋಲು ಅಹ್ಮದ್ ಖಾನರದ್ದು. 2017ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡಾಗ ನಮ್ಮ ಕಾಲೇಜು ಹುಡುಗರಿಗೆ ಅವರ ಹೆಸರೂ ಗೊತ್ತಿರಲಿಲ್ಲ. 1946 ಮತ್ತು 1952ರಲ್ಲಿ, ಆಮೇಲೆ 1967-68 ಮತ್ತು 1968-69ರಲ್ಲಿ ಮೈಸೂರು ರಾಜ್ಯ ಸಂತೋಷ್ ಟ್ರೋಫಿ ಗೆದ್ದಿತು. ಮುಂದಿನ ಗೆಲುವಿಗೆ ಕರ್ನಾಟಕ 2023ರವರೆಗೆ ಕಾಯಬೇಕಾಯಿತು. ಅದೂ ಸಿಕ್ಕಿದ್ದು ಸೌದಿ ಅರೇಬಿಯದ ರಿಯಾದಿನಲ್ಲಿ. ಈ ಐವತ್ತು ವರ್ಷಗಳಲ್ಲಿ ನಾವು ಪ್ರತಿಭೆಯನ್ನು ಕಳೆದುಕೊಂಡೆವೋ, ಪ್ರತಿಭೆ ಓಡಾಡುವ ಬಯಲನ್ನು ಕಳೆದುಕೊಂಡೆವೋ?

ಕಂಠೀರವಕ್ಕೆ ಹೊಸ ರೂಪ ಬಂದದ್ದು 1997ರ ರಾಷ್ಟ್ರೀಯ ಕ್ರೀಡಾಕೂಟದ ನೆಪದಲ್ಲಿ. ಹಳೆಯ ಕಟ್ಟಡ ಹೋಗಿ ಸುತ್ತಲೂ ಕಾಂಕ್ರೀಟಿನ ಗ್ಯಾಲರಿ ಬಂತು, ಸಿಂಥೆಟಿಕ್ ಟ್ರ್ಯಾಕ್ ಬಂತು, ರಾತ್ರಿಯನ್ನು ಹಗಲು ಮಾಡುವ ದೀಪಗಳು ಬಂದವು, ಪಕ್ಕದಲ್ಲಿ ಒಳಾಂಗಣ ಕ್ರೀಡಾಂಗಣವೂ ನಿಂತಿತು. ಅದೇ ವರ್ಷದ ಆಗಸ್ಟಿನಲ್ಲಿ ಧಾರವಾಡ ಜಿಲ್ಲೆ ಒಡೆದು ನಮ್ಮ ಹಾವೇರಿ ಜಿಲ್ಲೆ ಹುಟ್ಟಿತು. ಬೆಂಗಳೂರಿಗೆ ಹೊಸ ಸ್ಟೇಡಿಯಂ, ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಗೆ ಹೊಸ ಜಿಲ್ಲೆ; ಎರಡೂ ಒಂದೇ ಬೇಸಿಗೆ ಮಳೆಗಾಲದ ಕೂಸುಗಳು ಎಂದು ನಾನು ತಮಾಷೆ ಮಾಡುವುದುಂಟು.

ಹೊಸ ಸ್ಟೇಡಿಯಂ ಹೊಸ ಪ್ರಶ್ನೆಗಳನ್ನೂ ತಂದಿತು. 2006ರ ಏಪ್ರಿಲಿನಲ್ಲಿ ಡಾ. ರಾಜಕುಮಾರ್ ಅವರ ಪಾರ್ಥಿವ ಶರೀರವನ್ನು ಅಲ್ಲಿಯೇ ಇರಿಸಿದ್ದರು. ನಾಡಿನ ದುಃಖಕ್ಕೆ ಅಷ್ಟು ದೊಡ್ಡ ಅಂಗಳ ಬೇರೆಲ್ಲೂ ಇರಲಿಲ್ಲ. ಆ ಅಂಗಳವೂ ಸಾಲದೆ ಊರಿನಲ್ಲಿ ಗಲಭೆ, ಸಾವುನೋವು ಆದವು. 2021ರ ಅಕ್ಟೋಬರಿನಲ್ಲಿ ಅವರ ಮಗ ಪುನೀತ್ ಅವರ ಅಂತಿಮ ದರ್ಶನವೂ ಅಲ್ಲಿಯೇ. 2014ರಿಂದ ಬೆಂಗಳೂರು ಎಫ್‌ಸಿ ತಂಡ ಇದನ್ನು ತನ್ನ ಮನೆಯ ಅಂಗಳ ಮಾಡಿಕೊಂಡಿತು. ಫುಟ್ಬಾಲ್ ನೋಡಲು ಜನ ಬಂದರು, ಹಣ ಬಂತು, ಹೊಳಪು ಬಂತು. ಓಟಗಾರರಿಗೂ ತರಬೇತುದಾರರಿಗೂ ಮಾತ್ರ ತಮ್ಮ ಟ್ರ್ಯಾಕಿಗೆ ತಾವೇ ಪರಕೀಯರಾದ ಅನುಭವ. ತಕರಾರು ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ನೂರು ವರ್ಷದ ಹಿಂದೆ ಅದೇ ನೆಲದ ಮೇಲೆ ತೋಟಗಾರರಿಗೂ ಪೋಲೋದವರಿಗೂ ನಡೆದ ಜಗಳವೇ ವೇಷ ಬದಲಿಸಿ ಬಂದಂತಿದೆ ಇದು. ಒಂದೇ ನೆಲ, ಬೇಡುವವರು ಹಲವರು, ತೀರ್ಪು ಯಾರ ಕಡೆಗೆ?

ಒಳ್ಳೆಯ ದಿನಗಳನ್ನೂ ಹೇಳಬೇಕು. 2023ರ ಜೂನ್ 21ರಂದು ಪಾಕಿಸ್ತಾನದ ಫುಟ್ಬಾಲ್ ತಂಡ ಇದೇ ಕಂಠೀರವದಲ್ಲಿ ಭಾರತದ ವಿರುದ್ಧ ಆಡಿತು. ಸುನಿಲ್ ಛೆಟ್ರಿ ಮೂರು ಗೋಲು ಹೊಡೆದರು, ಭಾರತ 4-0ಯಿಂದ ಗೆದ್ದಿತು. ಎರಡೂ ಕಡೆಯ ಹುಡುಗರು ಆಡಿ, ಬೆವರಿ, ತಮ್ಮ ತಮ್ಮ ಊರಿಗೆ ಹೋದರು. ಜುಲೈ 4ರಂದು ಕುವೈತ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಭಾರತ ಸ್ಯಾಫ್ ಕಪ್ ಎತ್ತಿತು. 2025ರ ಜುಲೈ 5ರಂದು ನೀರಜ್ ಚೋಪ್ರಾ ತಮ್ಮ ಹೆಸರಿನದೇ ಸ್ಪರ್ಧೆಯಲ್ಲಿ ಇಲ್ಲಿ ಭರ್ಜಿ ಎಸೆದು ಗೆದ್ದರು. ಇವೆಲ್ಲ ಸಂತೋಷದ ನೆನಪುಗಳೇ. ಆದರೆ ಅದಕ್ಕೆ ಒಂದು ತಿಂಗಳ ಮುಂಚೆ, ಜೂನ್ 4ರಂದು, ಅಲ್ಲಿಂದ ಕೂಗಳತೆಯ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕ್ರಿಕೆಟ್ ಗೆಲುವಿನ ಸಂಭ್ರಮಕ್ಕೆ ಬಂದ 11 ಜನ ನೂಕುನುಗ್ಗಲಿನಲ್ಲಿ ಸತ್ತರು. ಬಯಲಿಗೆ ಗೇಟಿಲ್ಲ, ಸ್ಟೇಡಿಯಮ್ಮಿಗೆ ಗೇಟಿದೆ. ಗೇಟು ಇದ್ದ ಮೇಲೆ ಅದನ್ನು ಯಾವಾಗ, ಯಾರಿಗೆ, ಎಷ್ಟು ತೆರೆಯಬೇಕು ಎಂಬ ಹೊಣೆಯೂ ಇರಬೇಕು.

ಈ ಹೊತ್ತಿನಲ್ಲಿ ನನಗೆ ಇಂಗ್ಲೆಂಡಿನ ಬ್ರಾಡ್‌ಫರ್ಡ್ ನೆನಪಾಗುತ್ತದೆ. ನೆನಪಿಗೆ ಕಾರಣ ರಗ್ಬಿ ಲೀಗ್ ಎಂಬ ಆಟ. ನಮ್ಮ ಕಡೆ ದೀಪಾವಳಿಯ ಹೊತ್ತಿಗೆ ನಡೆಯುವ ಹೋರಿ ಹಬ್ಬದಲ್ಲಿ ಕೊಬ್ಬರಿ ಕಟ್ಟಿದ ಹೋರಿಯ ಮೇಲೆ ಹುಡುಗರು ಮುಗಿಬೀಳುವುದನ್ನು ಕಂಡವರಿಗೆ ರಗ್ಬಿಯನ್ನು ವಿವರಿಸುವುದು ಕಷ್ಟವಲ್ಲ. ಚೆಂಡು ಹಿಡಿದವನೇ ಹೋರಿ! ಆ ಆಟ ಮೊದಲು ಶ್ರೀಮಂತ ಶಾಲೆಗಳದ್ದಾಗಿತ್ತು. ಉತ್ತರ ಇಂಗ್ಲೆಂಡಿನ ಗಿರಣಿ, ಗಣಿ ಕಾರ್ಮಿಕರೂ ಅದನ್ನು ಆಡತೊಡಗಿದರು. ಶನಿವಾರ ಆಡಲು ಹೋದರೆ ಅವರಿಗೆ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಆ ಕೂಲಿಯನ್ನಾದರೂ ಕಟ್ಟಿಕೊಡಿ ಎಂದರು. ಆಟಕ್ಕೆ ದುಡ್ಡು ಮುಟ್ಟುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದರು ಲಂಡನ್ನಿನ ದೊಡ್ಡವರು. ಹೊಟ್ಟೆ ತುಂಬಿದವರ ಮಾತು ಅದು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಒಂದು ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸಭೆ ಸೇರಿ ಬೇರೆಯಾದವು. ಹೀಗೆ ಹುಟ್ಟಿದ್ದು ರಗ್ಬಿ ಲೀಗ್. ಕೂಲಿಯ ಪ್ರಶ್ನೆಯಿಂದ ಹುಟ್ಟಿದ ಆಟ.

ಬ್ರಾಡ್‌ಫರ್ಡಿನ ರಗ್ಬಿ ಲೀಗ್ ಕ್ರೀಡಾಂಗಣದ ಹೆಸರು ಓಡ್ಸಲ್. ಅದೂ ಒಂದು ತಗ್ಗಿನಲ್ಲಿದೆ. ಆದರೆ ಅದು ಕೆರೆಯಲ್ಲ, ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿ. ಊರಿನ ಕಸವನ್ನು ಲೆಕ್ಕ ಹಾಕಿ ಅದರ ಸುತ್ತ ಸುರಿದು, ಆ ಕಸದ ದಿಬ್ಬಗಳ ಮೇಲೆಯೇ ಜನ ನಿಲ್ಲುವ ಮೆಟ್ಟಿಲು ಮಾಡಿ 1934ರಲ್ಲಿ ಆಟ ಶುರು ಮಾಡಿದರು. 1954ರ ಮೇ 5ರಂದು ಅಲ್ಲಿ ನಡೆದ ಒಂದು ಅಂತಿಮ ಪಂದ್ಯಕ್ಕೆ ಲೆಕ್ಕಕ್ಕೆ ಸಿಕ್ಕ ಪ್ರೇಕ್ಷಕರೇ 1,02,569. ಅದೇ ಕಾಲದಲ್ಲಿ ಆ ಊರಿನ ಉಣ್ಣೆ ಗಿರಣಿಗಳಿಗೆ ಮೀರ್‌ಪುರದ ಕಡೆಯಿಂದ ನಮ್ಮ ಉಪಖಂಡದ ಜನ ದುಡಿಯಲು ಹೋಗತೊಡಗಿದ್ದರು. ಅಂಥ ವಲಸಿಗರ ಮನೆಯಲ್ಲಿ ಹುಟ್ಟಿದ ಇಕ್ರಂ ಬಟ್ 1995ರಲ್ಲಿ ಇಂಗ್ಲೆಂಡಿನ ರಗ್ಬಿ ಲೀಗ್ ತಂಡಕ್ಕೆ ಆಡಿದ ಮೊದಲ ಮುಸ್ಲಿಮರಾದರು. ಓಡ್ಸಲನ್ನು ಪುನರ್ನಿರ್ಮಿಸುವ ದೊಡ್ಡ ದೊಡ್ಡ ಯೋಜನೆಗಳು ಎಷ್ಟೋ ಸಲ ಕಾಗದದ ಮೇಲೆಯೇ ಉಳಿದವು. ಕ್ಲಬ್ಬು ದಿವಾಳಿಯ ಅಂಚಿಗೆ ಬಂದಾಗ 2012ರಲ್ಲಿ ಆ ನೆಲದ ಗುತ್ತಿಗೆಯನ್ನು ಆಟದ ಆಡಳಿತ ಸಂಸ್ಥೆಯೇ ಕೊಂಡಿತು. ಕ್ಲಬ್ಬು 2019ರಲ್ಲಿ ಪಕ್ಕದ ಊರಿಗೆ ಹೋಗಿ 2021ರಲ್ಲಿ ಮರಳಿತು. 1985ರಲ್ಲಿ ಅದೇ ಊರಿನ ಫುಟ್ಬಾಲ್ ಮೈದಾನದ ಮರದ ಗ್ಯಾಲರಿಗೆ ಬೆಂಕಿ ಬಿದ್ದು 56 ಜನ ಸತ್ತರು. ಅದರ ನಂತರ ತನಿಖೆ ನಡೆದು 1987ರಲ್ಲಿ ಕ್ರೀಡಾಸ್ಥಳಗಳ ಸುರಕ್ಷತೆಗೆ ಕಾನೂನು ಬಂತು. ಸತ್ತವರ ಲೆಕ್ಕವನ್ನು ಕಾನೂನಿನಲ್ಲಿ ಬರೆದಿಡುವ ಆ ಗುಣವನ್ನು ನಾವು ಕಲಿಯಬೇಕು. ಪಾಳು ತಗ್ಗನ್ನು ಆಟಕ್ಕೆ ಕೊಟ್ಟು, ಜೀವಂತ ಕೆರೆಯನ್ನು ನೀರಿಗೆ ಬಿಡುವ ವಿವೇಕವನ್ನೂ ಕಲಿಯಬಹುದು.

ಈಗ ಆ ಪುಟ್ಟ ಹೊಂಡಕ್ಕೆ ಮರಳೋಣ. ಇಡೀ ಕೆರೆ ಹೋದರೂ ಆ ಚೂರು ಏಕೆ ಉಳಿಯಿತು? ಸರಕಾರ ಉಳಿಸಿದ್ದಲ್ಲ, ನೆನಪು ಉಳಿಸಿದ್ದು. ಚೈತ್ರ ಮಾಸದ ಬೆಂಗಳೂರು ಕರಗಕ್ಕೂ ಸಂಪಂಗಿಯ ನೀರಿಗೂ ಬಿಡದ ನಂಟು. ತೋಟಗಳು ಹೋದರೂ, ಕೆರೆ ಹೋದರೂ ತಿಗಳರು ತಮ್ಮ ಆಚರಣೆಯನ್ನು ಬಿಡಲಿಲ್ಲ. ಆಚರಣೆಗೆ ನೀರು ಬೇಕಿತ್ತು; ಆದ್ದರಿಂದ ನೀರು ಉಳಿಯಿತು. ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟ ಕರಗ ಕಾಟನ್‌ಪೇಟೆಯ ಹಜ್ರತ್ ತವಕ್ಕಲ್ ಮಸ್ತಾನ್ ಅವರ ದರ್ಗಾಕ್ಕೂ ಬಂದು ಹೋಗುತ್ತದೆ. 2022ರಲ್ಲಿ ಕೆಲವರು ಆ ಪದ್ಧತಿ ನಿಲ್ಲಲಿ ಎಂದು ಒತ್ತಾಯಿಸಿದಾಗ ದರ್ಗಾದವರು ಬನ್ನಿ ಎಂದು ಕರೆದರು, ಗುಡಿಯವರು ಬರುತ್ತೇವೆ ಎಂದರು, ಕರಗ ಎಂದಿನಂತೆ ಬಂದು ಹೋಯಿತು. ಕನಕದಾಸರ ಬಾಡ ಮತ್ತು ಶರೀಫ ಸಾಹೇಬರ ಶಿಶುನಾಳ ಎರಡೂ ಇರುವ ಶಿಗ್ಗಾಂವಿ ತಾಲೂಕಿನ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಕೆರೆ’ ನಮ್ಮ ಹಳೆಯ ಕನ್ನಡದ ಮಾತು. ‘ಮೈದಾನ’ ಪಾರಸಿಯಿಂದ ಉರ್ದುವಿನ ಜೊತೆ ಬಂದು ಕನ್ನಡವೇ ಆಗಿಹೋದದ್ದು. ‘ಸ್ಟೇಡಿಯಂ’ ಗ್ರೀಕರ ಮಾತು. ಮೊದಲಿಗೆ ಅದು ಕಟ್ಟಡದ ಹೆಸರೇ ಅಲ್ಲ, ಓಟದ ಒಂದು ಅಳತೆ, ಸುಮಾರು ಆರುನೂರು ಅಡಿ. ಓಡುವ ದೂರದ ಹೆಸರು ಹೋಗಿ ಅದನ್ನು ಸುತ್ತುವರಿದ ಗೋಡೆಯ ಹೆಸರಾಯಿತು. ಮಾತಿನ ಈ ಪಯಣದಲ್ಲಿಯೇ ಎಲ್ಲವೂ ಇದೆ. ಕೆರೆ ಎಲ್ಲರದು, ಮೈದಾನ ಆಡುವವರದು, ಸ್ಟೇಡಿಯಂ ಟಿಕೇಟು ಇದ್ದವರದು. ನೀರು, ಹುಲ್ಲು, ಬೆಂಕಿಗಳಲ್ಲಿ ಎಲ್ಲರಿಗೂ ಪಾಲಿದೆ ಎಂದು ಪ್ರವಾದಿವರ್ಯರು (ಸ) ತಿಳಿಸಿದ್ದನ್ನು ಮದರಸಾದಲ್ಲಿ ನಾವು ಬಾಯಿಪಾಠ ಮಾಡಿದ್ದೆವು. ಕೆರೆ ಅಂಗಳದಲ್ಲಿ ಈ ಮೊದಲೆರಡೂ ಇದ್ದವು. ಅದು ನಮ್ಮ ಕೈಯಲ್ಲಿರುವ ಅಮಾನತ್ತು, ಮಾರಿಕೊಳ್ಳುವ ಆಸ್ತಿಯಲ್ಲ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ನಮ್ಮ ಸಣ್ಣ ಊರುಗಳಲ್ಲಿಯೂ ಚಹಾದಂಗಡಿಯ ಮುಂದೆ ಆ ಮಾತು ಕೇಳಿಬರುತ್ತಿದೆ: ‘ಕೆರಿ ಬತ್ತಿ ಬಿದ್ದೈತಿ, ಅಲ್ಲೇ ಒಂದು ಸ್ಟೇಡಿಯಂ ಕಟ್ಟಿದ್ರ ಹುಡುಗರಿಗೆ ಅನುಕೂಲ ಆಕ್ಕೈತಿ.’ ಹೇಳುವವರು ಕೆಟ್ಟವರಲ್ಲ. ಅವರ ಮಕ್ಕಳಿಗೆ ನಿಜವಾಗಿಯೂ ಆಡಲು ಜಾಗವಿಲ್ಲ. ನನ್ನ ಅಕ್ಕನ ಮಗಳು ಓಡುವುದನ್ನು ಕಲಿತದ್ದು ನಸುಕಿನಲ್ಲಿ, ಲಾರಿಗಳು ಓಡಾಡುವ ಡಾಂಬರು ರಸ್ತೆಯ ಅಂಚಿನಲ್ಲಿ. ಹೆಣ್ಣುಮಗಳು ಓಡುವುದೇ ಎಂದು ಮೂಗು ಮುರಿದವರಿಗೆ, ಪ್ರವಾದಿವರ್ಯರೇ (ಸ) ಹಜ್ರತ್ ಆಯಿಷಾರೊಡನೆ ಓಟದ ಪಂದ್ಯ ಕಟ್ಟಿದ್ದರಲ್ಲ ಎಂದು ನನ್ನ ಅಕ್ಕ ಉತ್ತರ ಕೊಡುತ್ತಾಳೆ. ಲಾರಿಗೆ ಮಾತ್ರ ಅವಳ ಬಳಿ ಉತ್ತರವಿಲ್ಲ.

ಆದ್ದರಿಂದ ತಾಲೂಕಿಗೊಂದು ಒಳ್ಳೆಯ ಮೈದಾನ ಬೇಕೇ ಬೇಕು. ಹಾನಗಲ್ಲಿನ ಆನೆಕೆರೆ, ಸವಣೂರಿನ ಮೋತಿ ತಲಾಬ್, ಹಿರೇಕೆರೂರಿನ ಕಡೆಯ ಮದಗ ಮಾಸೂರಿನ ಕೆರೆ, ಇವು ಮಾತ್ರ ಆ ಜಾಗವಲ್ಲ. ಹಿರೇಕೆರೂರು ಎಂಬ ಹೆಸರಿನಲ್ಲಿಯೇ ಹಿರಿಯ ಕೆರೆಯೊಂದು ಕುಳಿತಿದೆ. ಮೈದಾನಕ್ಕೆ ಎತ್ತರದ ಗೋಡೆ ಬೇಡ, ಭಾರಿ ಗ್ಯಾಲರಿ ಬೇಡ. ಸಮತಟ್ಟಾದ ನೆಲ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಒಂದು ಕೋಣೆ, ಬೆಳಿಗ್ಗೆ ಸಂಜೆ ಕೇಳದೆ ಒಳಗೆ ಹೋಗಬಹುದಾದ ಒಂದು ಬಾಗಿಲು ಇದ್ದರೆ ಸಾಕು. ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಈ ನೆಲವನ್ನು ಈಗ ಯಾರು ಉಪಯೋಗಿಸುತ್ತಿದ್ದಾರೆ, ನಾಳೆ ಅವರು ಎಲ್ಲಿಗೆ ಹೋಗಬೇಕು? ಸಂಪಂಗಿಯಲ್ಲಿ ಈ ಪ್ರಶ್ನೆಯನ್ನು ಕೇಳಿದವರು ತೋಟಗಾರರು ಮಾತ್ರ. ಅವರ ಮಾತು ಯಾರಿಗೂ ಕೇಳಿಸಲಿಲ್ಲ.

ಆ ದಿನ ಅಕ್ಕನ ಮಗಳು ನಾಲ್ಕನೆಯವಳಾಗಿ ಬಂದಳು. ಆಯ್ಕೆಯಾಗಲಿಲ್ಲ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಜೋರು ಮಳೆ ಬಂತು. ನೋಡುನೋಡುತ್ತಿದ್ದಂತೆ ನಿಲ್ದಾಣದ ಅಂಗಳದಲ್ಲಿ ಮೊಣಕಾಲಿನವರೆಗೆ ನೀರು ನಿಂತಿತು. ಜನ ಸಾಮಾನು ಎತ್ತಿಕೊಂಡು ಓಡಾಡಿದರು, ಸರಕಾರವನ್ನು ಬೈದರು. ‘ಮಾಮು, ಇಷ್ಟು ನೀರು ಎಲ್ಲಿಂದ ಬಂತು?’ ಎಂದು ಅವಳು ಕೇಳಿದಳು. ನನಗೆ ದಂಡೆಯ ಮೇಲೆ ಕುಳಿತ ಚಾಚಾ ನೆನಪಾದರು. ‘ಬಂದದ್ದಲ್ಲ ಬೇಟಾ, ಮನೆಗೆ ಮರಳಿದ್ದು’ ಎಂದೆ.